ಕಾಯಿ ಕಟ್ಟುವ ಹೊತ್ತಿಗೆ ಕಡಲೆ ಗಿಡ ಒಣಗುತ್ತಿದೆ: ಇದು ಸಿಡಿ ರೋಗವೇ?

ಪ್ರಶ್ನೆ: ಭರಮಸಾಗರದ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗ ತಾಲ್ಲೂಕಿನ ಭರಮಸಾಗರದ ಹತ್ತಿರ ನಮಗೆ ನಾಲ್ಕು ಎಕರೆ ಎರೆ (ಕಪ್ಪು ಮಣ್ಣಿನ) ಹೊಲವಿದೆ. ಮುಂಗಾರಿನಲ್ಲಿ ಮೆಕ್ಕೆಜೋಳ ತೆಗೆದು, ಅದರಲ್ಲೇ ಎರಡೂವರೆ ಎಕರೆಗೆ ಹಿಂಗಾರಿನಲ್ಲಿ ಕಡಲೆ ಬಿತ್ತುವುದನ್ನು ಮೂರು ವರ್ಷಗಳಿಂದ ನಡೆಸಿಕೊಂಡು ಬಂದಿದ್ದೇವೆ. ಮೊದಲ ವರ್ಷ ಬೆಳೆ ಚೆನ್ನಾಗಿಯೇ ಬಂತು. ಕಳೆದ ವರ್ಷ ಅಲ್ಲಲ್ಲಿ ಗಿಡಗಳು ಒಣಗಿದವು, ಮಳೆ ಕಡಿಮೆಯಾದದ್ದಕ್ಕೆ ಹಾಗಾಗಿರಬೇಕೆಂದು ಸುಮ್ಮನಾದೆವು. ಈ ವರ್ಷ ಹಾಗೆ ಸುಮ್ಮನಿರಲು ಆಗುತ್ತಿಲ್ಲ.

ಬಿತ್ತಿದ್ದು ನವೆಂಬರ್ ಎರಡನೇ ವಾರದ ಕೊನೆಯಲ್ಲಿ. ಮೆಕ್ಕೆಜೋಳದ ತೆನೆ ಮುರಿದ ಮೇಲೆ ದಂಟನ್ನು ರೋಟವೇಟರ್ ಹೊಡೆಸಿ ಮಣ್ಣಿಗೆ ಸೇರಿಸಿ, ನಾಲ್ಕೈದು ದಿನದಲ್ಲೇ ಕೂರಿಗೆ ಹೂಡಿದೆವು. ಮೊಳಕೆ ಚೆನ್ನಾಗಿ ಬಂತಾದರೂ ಎರಡು ಮೂರು ವಾರದ ಸಸಿಗಳು ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಹಳದಿಯಾಗಿ ಸತ್ತವು. ಆಮೇಲೆ ಅದು ತಾನಾಗಿಯೇ ನಿಂತಿತು. ಹೂ ಬಂತು, ಕಾಯಿ ಕಟ್ಟಲು ಶುರುವಾಯಿತು. ಸಂಕ್ರಾಂತಿ ಕಳೆದ ಮೇಲೆ ಮತ್ತೆ ಒಣಗುವುದು ಆರಂಭವಾಗಿ, ಈಗ ಜನವರಿ ಕೊನೆಯ ಹೊತ್ತಿಗೆ ಹೊಲದ ಮೇಲಿನ ಮೂಲೆಯಲ್ಲಿ ಕಾಲು ಎಕರೆಯಷ್ಟು ಹುಲ್ಲಿನ ಬಣ್ಣಕ್ಕೆ ತಿರುಗಿದೆ. ಗೊಬ್ಬರದ ಅಂಗಡಿಯಲ್ಲಿ ವಿಚಾರಿಸಿದಾಗ ಸಿಡಿ ರೋಗ ಎಂದು ಹೇಳಿ ಔಷಧ ಕೊಟ್ಟರು. ಹತ್ತು ದಿನದಲ್ಲಿ ಮೂರು ಬಾರಿ ಸಿಂಪಡಿಸಿದೆ, ಒಣಗುವುದು ಒಂದು ದಿನವೂ ನಿಲ್ಲಲಿಲ್ಲ.

ತಳಿ ಜೆ.ಜಿ-11. ಎರಡು ವರ್ಷದ ಹಿಂದೆ ರೈತ ಸಂಪರ್ಕ ಕೇಂದ್ರದಿಂದ ತಂದ ಬೀಜವಾಗಿದ್ದು, ಆಮೇಲೆ ಮನೆಯಲ್ಲೇ ಉಳಿಸಿಕೊಂಡು ಬಿತ್ತುತ್ತಿದ್ದೇವೆ. ಇದು ಸಿಡಿ ರೋಗವೇ ಹೌದಾದರೆ ಮುಂದಿನ ವರ್ಷ ಏನು ಮಾಡಬೇಕು? ಈ ಹೊಲದಲ್ಲಿ ಕಡಲೆಯನ್ನೇ ಬಿಟ್ಟುಬಿಡಬೇಕೇ? ಸರ್ಕಾರದ ಬೆಂಬಲ ಬೆಲೆ ಇರುವಾಗ ಬಿಡಲು ಮನಸ್ಸಿಲ್ಲ. ಮನೆಗೆ ವರ್ಷಕ್ಕೆ ಬೇಕಾಗುವ ಬೇಳೆ, ಹಿಟ್ಟು, ಗುಗ್ಗರಿಯ ಕಾಳು ಎಲ್ಲವೂ ಈ ಹೊಲದಿಂದಲೇ ಬರಬೇಕೆಂಬುದು ನಮ್ಮ ತಾಯಿಯವರ ಆಸೆ. ಆದರೆ ಕಳೆದ ವರ್ಷದ ಕಾಳು ರಾತ್ರಿಯೆಲ್ಲ ನೆನೆಹಾಕಿ ಕುಕ್ಕರ್‌ನಲ್ಲಿ ಎಂಟು ಸೀಟಿ ಕೂಗಿಸಿದರೂ ಬೇಯುವುದಿಲ್ಲವೆಂದು ಅವರು ದಿನವೂ ಹೇಳುತ್ತಾರೆ. ಗಿಡಕ್ಕೆ ಬಂದ ರೋಗ ಕಾಳಿಗೂ ತಗಲಿದೆಯೇ ಎಂಬುದು ಅವರ ಅನುಮಾನ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ 1: ತುರುವನೂರು ಎರೆಹೊಲ

ನಮ್ಮದು ತುರುವನೂರು ಹೋಬಳಿ. ಕಡಲೆ ನಮ್ಮ ಮನೆಯ ಹಿಂಗಾರಿನ ಮುಖ್ಯ ಬೆಳೆ, ನನ್ನ ತಂದೆಯ ಕಾಲದಿಂದಲೂ ಹಾಗೆಯೇ. ನೀವು ಹೇಳುವುದನ್ನು ನೋಡಿದರೆ ಸಿಡಿ ರೋಗವೇ ಇರಬೇಕೆಂದು ನನಗೂ ಅನಿಸುತ್ತದೆ. ಇದರ ಬೂಷ್ಟು ಮಣ್ಣಿನಲ್ಲಿ ಕೂತುಬಿಡುತ್ತದೆ, ಕಡಲೆ ಬಿತ್ತದೆ ಐದಾರು ವರ್ಷ ಬಿಟ್ಟರೂ ಸಾಯುವುದಿಲ್ಲ. ಆದ್ದರಿಂದ ಒಂದೇ ಹೊಲಕ್ಕೆ ಮೂರು ವರ್ಷ ಬಿಡದೆ ಕಡಲೆ ಹಾಕಿದ್ದು ತಪ್ಪಾಯಿತು. ಮುಂದಿನ ವರ್ಷ ಅಲ್ಲಿ ಬಿಳಿಜೋಳ ಹಾಕಿ, ಕಡಲೆಯನ್ನು ಬೇರೆ ಹೊಲಕ್ಕೆ ಒಯ್ಯಿರಿ. ಬಿತ್ತುವ ಮುಂಚೆ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ (ರೋಗದ ಬೂಷ್ಟನ್ನು ತಡೆಯುವ ಒಳ್ಳೆಯ ಶಿಲೀಂಧ್ರದ ಪುಡಿ) ಬೆರೆಸಿ. ನಿಂತ ಗಿಡದ ಎಲೆಗೆ ಸಿಂಪಡಿಸುವ ಔಷಧಕ್ಕೆ ಇನ್ನು ಹಣ ಹಾಕಬೇಡಿ, ರೋಗ ಇರುವುದು ಬೇರಿನಲ್ಲಿ.

ಒಂದು ಮಾತು ಕೇಳಬೇಕಾಗಿದೆ. ನೀವು ಬಿತ್ತಿದ್ದು ಬಹಳ ತಡವಾಯಿತಲ್ಲವೇ? ನಮ್ಮಲ್ಲಿ ಅಕ್ಟೋಬರ್ ನಡುವಿನ ಚಿತ್ತೆ ಮಳೆ ಬಿದ್ದು ಹೊಲ ಹದಕ್ಕೆ ಬಂದ ಕೂಡಲೇ ಕೂರಿಗೆ ಹೂಡುತ್ತೇವೆ, ನವೆಂಬರ್ ಮೊದಲ ವಾರಕ್ಕೆ ಸ್ವಾತಿ ಮಳೆ ಮುಗಿಯುವುದರೊಳಗೆ ಬಿತ್ತನೆ ಮುಗಿದಿರುತ್ತದೆ.

ಉತ್ತರ 2: ಹಳೆಯ ವಿಸ್ತರಣೆಯವ, ದಾವಣಗೆರೆ

ನಾನು ಕೃಷಿ ವಿಸ್ತರಣೆಯ ಕೆಲಸದಲ್ಲಿ ಬಹುಕಾಲ ಇದ್ದು ನಿವೃತ್ತನಾದವನು. ಮೇಲೆ ಬರೆದವರ ಅನುಭವದ ಬಗ್ಗೆ ನನಗೆ ಗೌರವವಿದೆ. ಬಿತ್ತನೆ ತಡವಾದ ಬಗ್ಗೆ ಅವರು ಕೇಳಿರುವ ಪ್ರಶ್ನೆಯೇ ಈ ಇಡೀ ವಿಷಯದ ಕೀಲಿ ಎಂದೂ ನನಗೆ ತೋರುತ್ತದೆ. ಆದರೆ ಇದಕ್ಕೆ ಸಿಡಿ ರೋಗವೆಂದು ಈಗಲೇ ಹೆಸರಿಡುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಕಡಲೆ ಗಿಡ ಯಾವ ಕಾರಣಕ್ಕೆ ಒಣಗಿದರೂ ಸಿಡಿ ಬಂತು ಎನ್ನುವ ರೂಢಿಯಿದೆ. ನಿಜವಾಗಿ ನೋಡಿದರೆ ಗಿಡವನ್ನು ಬುಡದಿಂದ ಕೊಲ್ಲುವ ರೋಗಗಳು ಮುಖ್ಯವಾಗಿ ಮೂರು ಇವೆ. ಮೂರಕ್ಕೂ ಕಾರಣವಾದ ಶಿಲೀಂಧ್ರ ಬೇರೆ, ಬರುವ ಕಾಲ ಬೇರೆ, ಅವು ಬಯಸುವ ಹವೆಯೂ ಬೇರೆ. ಒಂದಕ್ಕೆ ಮಾಡುವ ಉಪಾಯ ಇನ್ನೊಂದಕ್ಕೆ ಅನುಕೂಲವಾಗಿಬಿಡಬಹುದು. ಹಾಗಾಗಿ ಮೊದಲು ಗಿಡ ಕಿತ್ತು ನೋಡಬೇಕು.

ಸಿಡಿ ರೋಗ ಅಥವಾ ಸೊರಗು ರೋಗವು ಫ್ಯುಸೇರಿಯಂ ಎಂಬ ಶಿಲೀಂಧ್ರದಿಂದ ಬರುತ್ತದೆ. ಇದು ಗಿಡದ ನೀರು ಸಾಗುವ ನಾಳಗಳ ಒಳಗೆ ಬೆಳೆದು ದಾರಿಯನ್ನು ಮುಚ್ಚುತ್ತದೆ. ಗಿಡ ಬಾಡಿ ಜೋಲು ಬೀಳುತ್ತದೆ, ಮೊದಮೊದಲು ಎಲೆ ಇನ್ನೂ ಹಸಿರಾಗಿಯೇ ಇರುತ್ತದೆ. ಕಿತ್ತು ನೋಡಿದರೆ ಬೇರು ಹೊರಗಡೆಯಿಂದ ಆರೋಗ್ಯವಾಗಿಯೇ ಕಾಣುತ್ತದೆ, ಕೊಳೆತಿರುವುದಿಲ್ಲ. ಕಾಂಡದ ಬುಡವನ್ನು ಚಾಕುವಿನಿಂದ ಉದ್ದಕ್ಕೆ ಸೀಳಿದಾಗ ನಡುವೆ ಪೆನ್ಸಿಲ್ಲಿನಲ್ಲಿ ಗೀರಿದಂತೆ ಕಡು ಕಂದು ಅಥವಾ ಕಪ್ಪು ಗೆರೆ ಕಂಡರೆ ಅದು ಸಿಡಿ ರೋಗ. ಆ ಗೆರೆ ಇಲ್ಲದಿದ್ದರೆ ಅನುಮಾನವನ್ನು ಬೇರೆ ಕಡೆಗೆ ತಿರುಗಿಸಬೇಕು.

ಎರಡನೆಯದು ಕತ್ತು ಕೊಳೆ ರೋಗ. ಇದಕ್ಕೆ ಕಾರಣ ಸ್ಕ್ಲೆರೋಶಿಯಂ ಎಂಬ ಇನ್ನೊಂದು ಶಿಲೀಂಧ್ರ. ಸಸಿ ಚಿಕ್ಕದಾಗಿದ್ದಾಗ, ಮಣ್ಣು ಹಸಿಯಾಗಿದ್ದಾಗ ಮಾತ್ರ ಇದರ ಆಟ. ಮಣ್ಣಿನಲ್ಲಿ ಅರೆಬರೆ ಕೊಳೆತ ದಂಟು, ಎಲೆ, ಕೂಳೆ ಇದ್ದರೆ ಅದನ್ನೇ ಮೇವು ಮಾಡಿಕೊಂಡು ಬೆಳೆದು ಪಕ್ಕದ ಸಸಿಯ ಕತ್ತಿಗೆ ಬರುತ್ತದೆ. ಸಸಿ ಹಳದಿಯಾಗಿ ಸಾಯುತ್ತದೆ. ಮಣ್ಣಿನ ಮಟ್ಟದಲ್ಲಿ ಕಾಂಡ ಕೊಳೆತು, ಬಿಳಿ ನೂಲಿನಂಥ ಬೂಜು, ಕೆಲವೊಮ್ಮೆ ಅದರ ನಡುವೆ ಸಾಸಿವೆ ಕಾಳಿನಂಥ ಗುಂಡುಗಳು ಕಾಣುತ್ತವೆ. ಮೆಕ್ಕೆಜೋಳದ ದಂಟನ್ನು ಮಣ್ಣಿಗೆ ಸೇರಿಸಿ ನಾಲ್ಕೈದು ದಿನದಲ್ಲೇ ಬಿತ್ತಿದೆ ಎಂದು ನೀವೇ ಬರೆದಿದ್ದೀರಿ. ಎರಡು ಮೂರು ವಾರದ ಸಸಿ ಸತ್ತದ್ದು ಬಹುಶಃ ಇದರಿಂದಲೇ. ಆ ಸಸಿಗಳ ಕತ್ತಿನಲ್ಲಿ ಬಿಳಿ ಬೂಜು ಇತ್ತೇ ಎಂಬುದನ್ನು ನೆನಪು ಮಾಡಿಕೊಳ್ಳಿ.

ಮೂರನೆಯದು ಒಣ ಬೇರು ಕೊಳೆ ರೋಗ. ಇದರ ಶಿಲೀಂಧ್ರದ ಹೆಸರು ರೈಜೋಕ್ಟೋನಿಯಾ ಬಟಾಟಿಕೋಲಾ. ಕತ್ತು ಕೊಳೆಗೆ ಹಸಿ ಬೇಕು, ಇದಕ್ಕೆ ಬರ ಬೇಕು. ಹಗಲಿನ ಉಷ್ಣಾಂಶ 30 ಡಿಗ್ರಿ ದಾಟಿ, ಮಣ್ಣಿನ ಹಸಿ ಆರಿ, ಗಿಡ ಹೂವು ಕಾಯಿಗಳ ಭಾರ ಹೊತ್ತು ನಿಂತಿರುವ ಹೊತ್ತಿನಲ್ಲಿ ಇದು ಎರಗುತ್ತದೆ. ಗಿಡ ಜೋಲು ಬೀಳುವುದಕ್ಕಿಂತ ನಿಂತಲ್ಲೇ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಕೀಳಲು ಹೋದರೆ ತಾಯಿಬೇರು ಅರ್ಧದಲ್ಲೇ ಚಟ್ಟನೆ ಮುರಿದು ತುದಿ ಮಣ್ಣಿನಲ್ಲೇ ಉಳಿಯುತ್ತದೆ. ಕೈಗೆ ಬಂದ ಬೇರಿನಲ್ಲಿ ಪಕ್ಕದ ಬೇರುಗಳೇ ಇರುವುದಿಲ್ಲ, ಸಿಪ್ಪೆ ಸುಲಿದುಬರುತ್ತದೆ. ಸಿಪ್ಪೆಯ ಕೆಳಗೆ ಇದ್ದಿಲ ಪುಡಿ ಉದುರಿಸಿದಂತೆ ಸಣ್ಣ ಕಪ್ಪು ಚುಕ್ಕೆಗಳಿರುತ್ತವೆ.

ಇದನ್ನೆಲ್ಲ ಇಷ್ಟು ಉದ್ದವಾಗಿ ಬರೆಯುವುದಕ್ಕೆ ಕಾರಣವಿದೆ. ಸಿಡಿ ರೋಗ ತರುವ ಫ್ಯುಸೇರಿಯಂ ಕಡಲೆಗೇ ಒಗ್ಗಿಕೊಂಡ ಬಗೆ. ಅದಕ್ಕೆ ಜೋಳದ ಬೇರಿನಲ್ಲಿ ರೋಗ ತರಲು ಬರುವುದಿಲ್ಲ. ಆದ್ದರಿಂದ ಬೆಳೆ ಬದಲಿಸಬೇಕೆಂಬ ಮಾತು ಅಲ್ಲಿ ಸರಿ, ಮಣ್ಣಿನಲ್ಲಿ ಅದು ವರ್ಷಗಟ್ಟಲೆ ಉಳಿಯುವುದರಿಂದ ಬೇಗ ಫಲ ಸಿಗುವುದಿಲ್ಲವಷ್ಟೇ. ಒಣ ಬೇರು ಕೊಳೆಯ ಶಿಲೀಂಧ್ರಕ್ಕೆ ಆ ಕಟ್ಟುಪಾಡಿಲ್ಲ. 500ಕ್ಕೂ ಹೆಚ್ಚು ಬಗೆಯ ಸಸ್ಯಗಳ ಮೇಲೆ ಅದು ಬದುಕುತ್ತದೆ, ಬಿಳಿಜೋಳ, ಮೆಕ್ಕೆಜೋಳ, ಶೇಂಗಾ ಎಲ್ಲವೂ ಆ ಪಟ್ಟಿಯಲ್ಲಿವೆ. ಹಿಂಗಾರಿ ಜೋಳದ ಬುಡ ಮೆತ್ತಗಾಗಿ ಮುರಿದು, ಸೀಳಿದರೆ ಒಳಗೆ ಇದ್ದಿಲಿನಂತೆ ಕಪ್ಪಾಗಿರುವುದನ್ನು ನೀವು ನೋಡಿರಬಹುದು. ಅದೂ ಇದೇ ಶಿಲೀಂಧ್ರದ ಕೆಲಸ. ನಿಮ್ಮ ಹೊಲದಲ್ಲಿರುವುದು ಒಣ ಬೇರು ಕೊಳೆಯೇ ಆಗಿದ್ದರೆ, ಮುಂದಿನ ವರ್ಷ ಜೋಳ ಹಾಕುವುದರಿಂದ ರೋಗಕ್ಕೆ ಉಪವಾಸವಾಗುವುದಿಲ್ಲ.

ಇನ್ನೊಂದು ಸುಳಿವು ನಿಮ್ಮ ತಳಿಯಲ್ಲೇ ಇದೆ. ಜೆ.ಜಿ-11 ಜಬಲ್‌ಪುರದ ಕೃಷಿ ವಿಶ್ವವಿದ್ಯಾಲಯ ಮತ್ತು ಹೈದರಾಬಾದಿನ ಹತ್ತಿರ ಇರುವ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಸೇರಿ 1999ರಲ್ಲಿ ಬಿಡುಗಡೆ ಮಾಡಿದ ತಳಿ. ಸಿಡಿ ರೋಗಕ್ಕೆ ತಡೆಯುವ ಗುಣ ಇರುವುದರಿಂದಲೇ ಅದು ದಕ್ಷಿಣದ ಎರೆ ಸೀಮೆಯಲ್ಲಿ ಅಷ್ಟು ಹರಡಿತು. ಹಿಂದೆ ಎಲ್ಲೆಡೆ ಇದ್ದ ಅಣ್ಣಿಗೇರಿ-1 ರುಚಿಗೂ ಹೊಂದಿಕೆಗೂ ಹೆಸರಾಗಿತ್ತಾದರೂ ಸಿಡಿ ರೋಗಕ್ಕೆ ಬಲಿಯಾಗುತ್ತಿತ್ತು. ಅದಕ್ಕೆ ಡಬ್ಲ್ಯು.ಆರ್-315 ಎಂಬ ತಳಿಯಿಂದ ರೋಗ ತಡೆಯುವ ಗುಣವನ್ನು ತಂದು ಸೇರಿಸಿ ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಮತ್ತು ಇಕ್ರಿಸ್ಯಾಟ್‌ನವರು ಸೂಪರ್ ಅಣ್ಣಿಗೇರಿ-1 ಎಂಬ ತಳಿಯನ್ನು ಮಾಡಿದ್ದಾರೆ. ಹೀಗಿರುವಾಗ ಜೆ.ಜಿ-11ರಲ್ಲಿ ಕಾಲು ಎಕರೆ ಒಟ್ಟಿಗೆ ಒಣಗಿದೆ ಎಂದರೆ ನನ್ನ ಅನುಮಾನ ಸಿಡಿ ರೋಗದ ಮೇಲೆ ಹೋಗುವುದಿಲ್ಲ. ಆದರೂ ನಿಮ್ಮ ಕಣ್ಣಿಗೆ ಕಂಡದ್ದೇ ಕೊನೆಯ ಮಾತು.

ನಾಳೆ ಬೆಳಿಗ್ಗೆ ಪೂರ್ತಿ ಒಣಗಿದ ಐದು ಗಿಡ, ಅಂಚಿನಲ್ಲಿ ಈಗಷ್ಟೇ ಬಣ್ಣ ಬದಲಿಸುತ್ತಿರುವ ಐದು ಗಿಡ, ಚೆನ್ನಾಗಿರುವ ಎರಡು ಗಿಡ ಕೀಳಿರಿ. ಎಳೆಯಬೇಡಿ, ಸಲಿಕೆಯಿಂದ ಒಂದು ಗೇಣು ಆಳಕ್ಕೆ ಮಣ್ಣಿನ ಹೆಂಟೆಯ ಸಮೇತ ಎತ್ತಿ, ನೀರಿನಲ್ಲಿ ಅದ್ದಿ ಮಣ್ಣು ಬಿಡಿಸಿ ನೋಡಿರಿ. ಕಂಡದ್ದನ್ನು ಇಲ್ಲಿ ಬರೆಯಿರಿ. ಇನ್ನೂ ಅನುಮಾನ ಉಳಿದರೆ ಅದೇ ಗಿಡಗಳನ್ನು ಕಾಗದದಲ್ಲಿ ಸುತ್ತಿಕೊಂಡು ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ತೋರಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಒಯ್ದರೆ ದಾರಿಯಲ್ಲೇ ಬೆವರಿ ಬೇರೆ ಬೂಷ್ಟು ಬೆಳೆದು ನೋಡುವವರಿಗೂ ಗೊಂದಲವಾಗುತ್ತದೆ.

ಉತ್ತರ 3: ಬೇಳೆ ಬಟ್ಟಲು, ದಾವಣಗೆರೆ

ಹೊಲದ ವಿಷಯವನ್ನು ತಿಳಿದವರು ಹೇಳಿದ್ದಾರೆ. ಕಾಳು ಬೇಯದ ವಿಷಯಕ್ಕೆ ನಾನು ಉತ್ತರ ಕೊಡುತ್ತೇನೆ, ಏಕೆಂದರೆ ಅದೂ ನಿಮ್ಮ ಪ್ರಶ್ನೆಯಲ್ಲೇ ಇದೆ ಮತ್ತು ನಿಮ್ಮ ತಾಯಿಯವರ ಕಷ್ಟ ನನಗೆ ಚೆನ್ನಾಗಿ ಗೊತ್ತು. ನಮ್ಮ ಮನೆಯಲ್ಲಿ ಹಬ್ಬದ ಹೋಳಿಗೆಯ ಹೂರಣ, ಮಂಡಕ್ಕಿಗೆ ಹಾಕುವ ಹುರಿಗಡಲೆ ಹಿಟ್ಟು, ಮೆಣಸಿನಕಾಯಿ ಬಜ್ಜಿಯ ಕಡಲೆ ಹಿಟ್ಟು ಇವೆಲ್ಲಕ್ಕೂ ಕಾಳನ್ನು ಇಡಿಯಾಗಿ ತಂದು ಮನೆಯಲ್ಲೇ ಮಾಡಿಸುವ ಪದ್ಧತಿ ಇದೆ.

ನನ್ನ ಅನುಭವದಲ್ಲಿ ಕಡಲೆ ಬೇಯದಿರುವುದಕ್ಕೆ ಮೊದಲ ಕಾರಣ ನೀರು. ನಮ್ಮ ಸೀಮೆಯ ಬೋರ್‌ವೆಲ್ ನೀರು ಬಹುಪಾಲು ಗಡಸು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆಯಲ್ಲ, ಆ ಸುಣ್ಣದ ಅಂಶ ಕಾಳಿನ ಕಣಗಳನ್ನು ಅಂಟಿಸಿ ಹಿಡಿದಿರುವ ಪದಾರ್ಥವನ್ನು ಇನ್ನಷ್ಟು ಬಿಗಿಮಾಡುತ್ತದೆ. ಎಷ್ಟು ಸೀಟಿ ಕೂಗಿಸಿದರೂ ಕಾಳು ಒಡೆಯುತ್ತದೆಯೇ ಹೊರತು ಮೆತ್ತಗಾಗುವುದಿಲ್ಲ. ಪರೀಕ್ಷೆ ಮಾಡುವುದು ಬಹಳ ಸುಲಭ. ಅದೇ ಕಾಳನ್ನು ಎರಡು ಬಟ್ಟಲಿಗೆ ಹಾಕಿ, ಒಂದಕ್ಕೆ ಬೋರ್‌ವೆಲ್ ನೀರು, ಇನ್ನೊಂದಕ್ಕೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ಹಾಕಿ ಹನ್ನೆರಡು ಗಂಟೆ ನೆನೆಸಿ, ಅದೇ ನೀರುಗಳಲ್ಲಿ ಬೇರೆ ಬೇರೆಯಾಗಿ ಬೇಯಿಸಿ. ಘಟಕದ ನೀರಿನಲ್ಲಿ ಬೆಂದರೆ ತಪ್ಪು ಕಾಳಿನದಲ್ಲ.

ಎರಡರಲ್ಲೂ ಬೇಯದಿದ್ದರೆ ಕಾಳನ್ನು ಇಟ್ಟ ರೀತಿಯನ್ನು ನೋಡಬೇಕಾಗುತ್ತದೆ. ಬೇಸಿಗೆಯಲ್ಲಿ ತಗಡಿನ ಚಾವಣಿಯ ಕೆಳಗೆ, ಮಳೆಗಾಲದಲ್ಲಿ ತೇವದ ಗೋಡೆಗೆ ಒರಗಿಸಿ ಚೀಲದಲ್ಲಿ ಇಟ್ಟ ಕಡಲೆ ಆರೇಳು ತಿಂಗಳಲ್ಲಿ ಬೇಯುವ ಗುಣವನ್ನು ಕಳೆದುಕೊಳ್ಳುತ್ತದೆ. ಸೆಕೆ ಮತ್ತು ತೇವ ಎರಡೂ ಸೇರಿದರೆ ಹೀಗಾಗುತ್ತದೆ. ಅಂಥ ಕಾಳನ್ನು ಗುಗ್ಗರಿಗೆ ಇಡಬೇಡಿ. ಗಿರಣಿಗೆ ಕೊಟ್ಟು ಹಿಟ್ಟು ಮಾಡಿಸಿದರೆ ಒಂದು ಕಾಳೂ ವ್ಯರ್ಥವಾಗುವುದಿಲ್ಲ.

ನೆನೆಸುವ ನೀರಿಗೆ ಒಂದು ಚಮಚ ಉಪ್ಪು ಹಾಕಿದರೆ ಕಾಳು ಬೇಗ ಬೇಯುತ್ತದೆ. ಉಪ್ಪು ಹಾಕಿದರೆ ಗಟ್ಟಿಯಾಗುತ್ತದೆ ಎಂದು ಹಿರಿಯರು ಹೇಳುವುದುಂಟು, ನಾನು ಎರಡೂ ರೀತಿಯಲ್ಲಿ ಮಾಡಿ ನೋಡಿಯೇ ಇದನ್ನು ಹೇಳುತ್ತಿದ್ದೇನೆ. ನಿಜವಾಗಿ ಗಟ್ಟಿಮಾಡುವುದು ಹುಳಿ. ಹುಣಸೆ ರಸ, ಟೊಮೆಟೊಗಳನ್ನು ಕಾಳು ಪೂರ್ತಿ ಬೆಂದ ಮೇಲೆಯೇ ಹಾಕಬೇಕು. ನೆನೆಸಿದ ನೀರನ್ನು ಚೆಲ್ಲಿ ಹೊಸ ನೀರಿನಲ್ಲಿ ಬೇಯಿಸಿದರೆ ಹೊಟ್ಟೆಯುಬ್ಬರವೂ ಕಡಿಮೆಯಾಗುತ್ತದೆ. ನಮ್ಮ ನಾಟಿ ಕಡಲೆಯ ಸಿಪ್ಪೆ ದಪ್ಪ, ನೀರು ಹೀರಲು ಹೆಚ್ಚು ಹೊತ್ತು ಬೇಕು. ಬಿಳಿ ಕಾಬೂಲಿ ಕಡಲೆಯ ಸಿಪ್ಪೆ ತೆಳು. ಅದರ ಲೆಕ್ಕದಲ್ಲಿ ಇದನ್ನು ನೆನೆಸಿದರೆ ಸಾಲದು.

ಒಂದು ವಿಷಯವನ್ನು ಮರೆಯಬೇಡಿ. ಕಾಯಿ ಹಸಿರಾಗಿರುವ ಈ ಕಾಲದಲ್ಲಿ ಹಳ್ಳಿಯಲ್ಲಿ ಗಿಡ ಕಿತ್ತು ತಂದು ಹಸಿ ಕಡಲೆಯನ್ನು ಸುಲಿದು ತಿನ್ನುವುದು, ಬೆಂಕಿಯಲ್ಲಿ ಸುಡುವುದು ಎಲ್ಲ ಮನೆಯಲ್ಲೂ ನಡೆಯುತ್ತದೆ. ನೀವು ಹತ್ತು ದಿನದಲ್ಲಿ ಮೂರು ಬಾರಿ ಔಷಧ ಸಿಂಪಡಿಸಿದ್ದೀರಿ. ಆ ಹೊಲದ ಹಸಿ ಕಾಯನ್ನೂ ಸೊಪ್ಪನ್ನೂ ಈ ಸಲ ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರಿಂದ: ಭರಮಸಾಗರದ ಬೆಳೆಗಾರ

ಮೂವರಿಗೂ ಧನ್ಯವಾದಗಳು. ಹೇಳಿದಂತೆ ಹನ್ನೆರಡು ಗಿಡಗಳನ್ನು ಸಲಿಕೆಯಿಂದ ಎತ್ತಿ, ಬಾನಿಯ ನೀರಿನಲ್ಲಿ ಅದ್ದಿ ತೊಳೆದು, ಮನೆಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟು ನೋಡಿದೆ. ಪೂರ್ತಿ ಒಣಗಿದ ಐದರಲ್ಲಿ ನಾಲ್ಕು ಗಿಡಗಳ ತಾಯಿಬೇರು ಎತ್ತುವಾಗಲೇ ಮುರಿಯಿತು. ಪಕ್ಕದ ಬೇರುಗಳು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಉಗುರಿನಿಂದ ಕೆರೆದರೆ ಸಿಪ್ಪೆ ನಾರಾಗಿ ಬಂತು, ಕೆಳಗೆ ಸಣ್ಣ ಕಪ್ಪು ಚುಕ್ಕೆಗಳು ಕಂಡವು. ಮಗಳ ಭೂತಗನ್ನಡಿ ಹಿಡಿದಾಗ ಅವು ಇನ್ನೂ ಸ್ಪಷ್ಟವಾಗಿ ಕಾಣಿಸಿದವು. ಬುಡ ಸೀಳಿದರೆ ಹತ್ತು ಗಿಡಗಳ ಪೈಕಿ ಒಂದರಲ್ಲೂ ನಡುವಿನ ಕಪ್ಪು ಗೆರೆ ಇಲ್ಲ. ಚೆನ್ನಾಗಿರುವ ಎರಡು ಗಿಡಗಳ ಬೇರು ಕವಲು ಕವಲಾಗಿ ಹರಡಿತ್ತು. ಅವುಗಳ ಮೇಲಿದ್ದ ಗಂಟುಗಳನ್ನು ಒಡೆದಾಗ ಒಳಗೆ ತಿಳಿ ಗುಲಾಬಿ ಬಣ್ಣವಿತ್ತು. ಮೊದಲು ಅದೂ ರೋಗವೇ ಎಂದು ಹೆದರಿದೆ.

ಸಸಿ ಸತ್ತ ಕಾಲದ್ದನ್ನು ನನ್ನ ಹೆಂಡತಿ ನೆನಪಿಸಿದಳು. ಕಳೆ ತೆಗೆಯುವಾಗ ಬುಡದಲ್ಲಿ ಬಿಳಿ ನೂಲು ಸುತ್ತಿದಂತೆ ಇದ್ದದ್ದನ್ನು ಅವಳು ಕಂಡಿದ್ದಳಂತೆ, ಜೇಡರ ಬಲೆ ಎಂದುಕೊಂಡು ಬಿಟ್ಟಿದ್ದಳು. ಹಾಗಾದರೆ ನಮ್ಮ ಹೊಲಕ್ಕೆ ಎರಡು ರೋಗ ಬಂದಿವೆ, ಎರಡೂ ಸಿಡಿ ರೋಗವಲ್ಲ ಎಂದಾಯಿತೇ? ಈಗ ಉಳಿದಿರುವ ಬೆಳೆಗೆ ಏನಾದರೂ ಮಾಡಬಹುದೇ? ಬೋರ್‌ವೆಲ್‌ನಲ್ಲಿ ಸ್ವಲ್ಪ ನೀರಿದೆ.

ಉತ್ತರ 2ರವರಿಂದ ಮತ್ತೆ: ಹಳೆಯ ವಿಸ್ತರಣೆಯವ

ಬಹಳ ಚೆನ್ನಾಗಿ ನೋಡಿದ್ದೀರಿ. ಸಸಿಯಲ್ಲಿ ಬಂದದ್ದು ಕತ್ತು ಕೊಳೆ, ಈಗ ಬಂದಿರುವುದು ಒಣ ಬೇರು ಕೊಳೆ. ಗುಲಾಬಿ ಗಂಟುಗಳ ಬಗ್ಗೆ ಹೆದರಬೇಡಿ, ಅವು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುವ ರೈಜೋಬಿಯಂ ಎಂಬ ಒಳ್ಳೆಯ ಸೂಕ್ಷ್ಮಾಣುಗಳ ಮನೆಗಳು. ಒಳಗೆ ಗುಲಾಬಿ ಬಣ್ಣವಿದ್ದರೆ ಅವು ದುಡಿಯುತ್ತಿವೆ ಎಂದರ್ಥ.

ಒಣಗಿದ ಗಿಡ ಮತ್ತೆ ಹಸಿರಾಗುವುದಿಲ್ಲ. ಅಂಚಿನ ಗಿಡಗಳನ್ನು ಉಳಿಸಲು ತುಂತುರು ಪೈಪುಗಳಿದ್ದರೆ ಒಂದು ಸಲ ತೆಳುವಾಗಿ ನೀರು ಕೊಡಿ, ಹೊಲಕ್ಕೆ ಹಾಯಿಸಬೇಡಿ. ಎರೆಮಣ್ಣಿನಲ್ಲಿ ನೀರು ನಿಂತರೆ ಕಡಲೆಯ ಬೇರಿಗೆ ಉಸಿರು ಕಟ್ಟುತ್ತದೆ. ಮೊದಲು ಬೋರ್‌ವೆಲ್ ನೀರಿನ ರುಚಿ ನೋಡಿ. ನಾಲಗೆಗೆ ಉಪ್ಪೆನಿಸಿದರೆ ಕೊಡಬೇಡಿ, ಉಪ್ಪನ್ನು ಕಡಲೆ ತಡೆಯುವುದಿಲ್ಲ. ಒಣಗಿದ ಮೂಲೆಯ ಗಿಡಗಳನ್ನು ಬೇರೆಯಾಗಿ ಕಿತ್ತು ಬೇರೆಯಾಗಿ ಬಡಿಯಿರಿ, ಆ ಕಾಳನ್ನು ಬೀಜಕ್ಕೆ ಇಡಬೇಡಿ. ಬೇರು, ಬುಡ, ಹೊಟ್ಟುಗಳನ್ನು ಅದೇ ಹೊಲದ ತಿಪ್ಪೆಗೆ ಹಾಕದೆ ಸುಟ್ಟುಬಿಡಿ. ಬೇಸಿಗೆಯಲ್ಲಿ ಆ ಮೂಲೆಯನ್ನು ಆಳವಾಗಿ ಉಳುಮೆ ಮಾಡಿಸಿ ಬಿಸಿಲಿಗೆ ಬಿಡಿ. ಟ್ರೈಕೋಡರ್ಮಾವನ್ನು ಬೀಜಕ್ಕೆ ಬೆರೆಸುವುದರ ಜೊತೆಗೆ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಕಲಸಿ ನೆರಳಿನಲ್ಲಿ ತೇವವಾಗಿಟ್ಟು, ಎರಡು ವಾರ ಬೆಳೆಯಲು ಬಿಟ್ಟು ಬಿತ್ತನೆಯ ಮುಂಚೆ ಸಾಲಿಗೆ ಹಾಕುವುದು ಇನ್ನೂ ಒಳ್ಳೆಯದು. ಅರೆಕೊಳೆತ ಗೊಬ್ಬರ ಮಾತ್ರ ಬೇಡ, ಕತ್ತು ಕೊಳೆಗೆ ಅದು ಮತ್ತೆ ಮೇವಾಗುತ್ತದೆ.

ಉತ್ತರ 1ರವರಿಂದ ಮತ್ತೆ: ತುರುವನೂರು ಎರೆಹೊಲ

ನಾನು ಸಿಡಿ ರೋಗ ಎಂದದ್ದು ತಪ್ಪಾಯಿತು, ಜೋಳ ಹಾಕಿ ಎಂಬ ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನಮ್ಮ ಹೊಲದಲ್ಲೂ ಒಣಗಿದ ಗಿಡಗಳನ್ನು ನಾವು ಇಷ್ಟು ವರ್ಷ ಬುಡ ಸೀಳಿ ನೋಡಿದ್ದೇ ಇಲ್ಲ.

ಆದರೆ ಹಸಿಯ ವಿಷಯದಲ್ಲಿ ನನಗೆ ಹೇಳಲು ಮಾತಿದೆ. ಕಡಲೆ ಮಳೆಯನ್ನು ನಂಬಿ ಬೆಳೆಯುವ ಗಿಡವಲ್ಲ, ಬಿದ್ದು ಹೋದ ಮಳೆಯನ್ನು ಎರೆಮಣ್ಣು ಹಿಡಿದಿಟ್ಟುಕೊಂಡಿರುತ್ತದಲ್ಲ, ಅದನ್ನು ನಂಬಿದ ಗಿಡ. ನಮ್ಮ ತಂದೆಯವರು ಕಡಲೆ ಹೊಲವನ್ನು ಮುಂಗಾರಿನಲ್ಲಿ ಬಿತ್ತದೆ ಬಿಡುತ್ತಿದ್ದರು. ಪ್ರತಿ ಮಳೆಯ ಹಿಂದೆ ಒಂದು ಸಲ ಕುಂಟೆ ಹೊಡೆದು ಕಳೆ ತೆಗೆದು, ಉತ್ತರೆ, ಹಸ್ತೆ, ಚಿತ್ತೆ ಮಳೆಗಳನ್ನೆಲ್ಲ ಮಣ್ಣಿಗೆ ಕುಡಿಸಿ, ಆಮೇಲೆ ಬಿತ್ತುತ್ತಿದ್ದರು. ಬಿತ್ತುವ ದಿನ ಗುದ್ದಲಿಯಿಂದ ಮೊಳದುದ್ದ ಗುಂಡಿ ತೆಗೆದು, ತಳದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಒತ್ತುತ್ತಿದ್ದರು. ಉಂಡೆ ಕಟ್ಟಿ, ಎದೆಯೆತ್ತರದಿಂದ ಬಿಟ್ಟರೂ ಪುಡಿಯಾಗದೆ ಎರಡೋ ಮೂರೋ ಹೋಳಾದರೆ ಕಡಲೆಗೆ ಹೊಲ ಸಿದ್ಧವಾಗಿದೆ ಎಂದು ಲೆಕ್ಕ. ಪುಡಿಯಾದರೆ ಆ ವರ್ಷ ಕಡಲೆಯ ಆಸೆ ಬಿಡುತ್ತಿದ್ದರು.

ನೀವು ಮೆಕ್ಕೆಜೋಳಕ್ಕೆ ಆ ಹಸಿಯನ್ನೆಲ್ಲ ಕುಡಿಸಿ, ಉಳಿದ ಮೇಲ್ಪದರದ ತೇವಕ್ಕೆ ಕಡಲೆ ಬಿತ್ತಿದ್ದೀರಿ. ಮೊಳಕೆ ಬರಲು ಅಷ್ಟು ಸಾಕು, ಕಾಯಿ ತುಂಬಲು ಸಾಲದು. ಅದರ ಮೇಲೆ ಹದಿನೈದು ದಿನ ತಡವಾದುದರಿಂದ ಕಾಯಿ ಕಟ್ಟುವ ಕಾಲ ಬಿಸಿಲಿಗೆ ಸಿಕ್ಕಿತು. ಮೇಲಿನ ಮೂಲೆಯೇ ಮೊದಲು ಒಣಗಿದ್ದೂ ಅದಕ್ಕೇ ಇರಬಹುದು. ಅಲ್ಲಿ ಎರೆಯ ಪದರ ತೆಳುವಾಗಿ ಕೆಳಗೆ ಗರಸು (ಹರಳುಕಲ್ಲಿನ ಮಣ್ಣು) ಇದೆಯೇ ನೋಡಿ. ಎರಡೂವರೆ ಎಕರೆಯಲ್ಲಿ ಒಂದೂವರೆ ಎಕರೆಗೆ ಮಾತ್ರ ಕಡಲೆ ಇಟ್ಟುಕೊಂಡು, ಆ ಭಾಗವನ್ನು ಮುಂಗಾರಿನಲ್ಲಿ ಖಾಲಿ ಬಿಡಿ, ಇಲ್ಲವೇ ಬೇಗ ಕೈಗೆ ಬರುವ ನವಣೆ ಹಾಕಿ ಸೆಪ್ಟೆಂಬರ್‌ನಲ್ಲೇ ಹೊಲ ಬಿಡಿಸಿಕೊಳ್ಳಿ. ಮೆಕ್ಕೆಜೋಳ ಬೇಕೇ ಬೇಕು ಎಂದರೆ ಅದಕ್ಕೆ ಬೇರೆ ತುಂಡು ಇಡಿ. ಈ ವಿಷಯದಲ್ಲಿ ಎರಡು ಬೆಳೆಯ ಆಸೆ ನಷ್ಟಕ್ಕೇ ದಾರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಶ್ನೆ ಕೇಳಿದವರಿಂದ: ಭರಮಸಾಗರದ ಬೆಳೆಗಾರ

ನೀವು ಹೇಳಿದಂತೆ ಮೇಲಿನ ಮೂಲೆಯಲ್ಲಿ ಗುಂಡಿ ತೆಗೆದು ನೋಡಿದೆ. ಒಂದೂವರೆ ಅಡಿಗೇ ಗರಸು ಸಿಕ್ಕಿತು. ಕೆಳಗಿನ ಭಾಗದಲ್ಲಿ ಮೂರು ಅಡಿ ಅಗೆದರೂ ಎರೆಯೇ ಇದೆ. ಆ ಮೂಲೆಯನ್ನು ಇನ್ನು ಕಡಲೆಗೆ ಇಡುವುದಿಲ್ಲ. ಕೆಳಗಿನ ಒಂದೂವರೆ ಎಕರೆಯನ್ನು ಮುಂಗಾರಿನಲ್ಲಿ ಖಾಲಿ ಬಿಡುವುದೆಂದು ಮನೆಯಲ್ಲಿ ಮಾತಾಗಿದೆ, ಬೀಜವನ್ನೂ ಹೊಸದಾಗಿ ತರುತ್ತೇವೆ. ಎಕರೆಗೆ ಎಷ್ಟು ಬೀಜ ಬೇಕು ಎಂಬುದರಲ್ಲಿ ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಿದ್ದಾರೆ. ಅದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ನೀರಿನ ಪರೀಕ್ಷೆಯನ್ನು ತಾಯಿಯವರೇ ಮಾಡಿದರು. ಘಟಕದ ನೀರಿನ ಬಟ್ಟಲಿನ ಕಾಳು ನಾಲ್ಕು ಸೀಟಿಗೆ ಬೆರಳಲ್ಲಿ ಒತ್ತಿದರೆ ಹಿಟ್ಟಾಗುವಂತೆ ಬೆಂದಿತು. ಬೋರ್‌ವೆಲ್ ನೀರಿನದ್ದು ಹಾಗೆಯೇ ಕಲ್ಲಿನಂತಿತ್ತು. ಬೆಂದ ಕಾಳಿಗೆ ಒಗ್ಗರಣೆ ಹಾಕಿ, ಕಾಯಿತುರಿ ಬೆರೆಸಿ ಸಂಜೆ ಅಕ್ಕಪಕ್ಕದ ಮನೆಗೂ ಕೊಟ್ಟರು.

ಉತ್ತರ 2ರವರಿಂದ ಮತ್ತೆ: ಹಳೆಯ ವಿಸ್ತರಣೆಯವ

ಬೀಜದ ಲೆಕ್ಕ ಕಾಳಿನ ಗಾತ್ರದ ಮೇಲೆ ನಿಂತಿದೆ, ಅದಕ್ಕೇ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 10 ಸೆಂಟಿಮೀಟರ್ ಇಟ್ಟರೆ ಎಕರೆಗೆ ಸುಮಾರು 1,35,000 ಗಿಡಗಳು ಬೇಕಾಗುತ್ತವೆ. ನೂರು ಕಾಳನ್ನು ಎಣಿಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿರಿ. ಜೆ.ಜಿ-11 ಆದರೆ ಹತ್ತಿರ ಹತ್ತಿರ 22 ಗ್ರಾಂ ಬರುತ್ತದೆ, ಆ ಲೆಕ್ಕಕ್ಕೆ ಎಕರೆಗೆ 30 ಕಿಲೋ ಬೇಕು. ನೂರು ಕಾಳಿಗೆ 18 ಗ್ರಾಂ ತೂಗುವ ಸಣ್ಣ ಕಾಳಾದರೆ 24 ರಿಂದ 25 ಕಿಲೋ ಸಾಕು. ಬಿತ್ತುವ ಹತ್ತು ದಿನ ಮುಂಚೆ ಒದ್ದೆ ಗೋಣಿಚೀಲದಲ್ಲಿ ನೂರು ಕಾಳು ಸುತ್ತಿಟ್ಟು ಮೊಳಕೆ ಎಣಿಸಿ. 85ಕ್ಕಿಂತ ಕಡಿಮೆ ಬಂದರೆ ಎಷ್ಟು ಕಡಿಮೆಯೋ ಅಷ್ಟು ಬೀಜವನ್ನು ಹೆಚ್ಚಿಸಿಕೊಳ್ಳಿ. ಕಾಳು ಎಂಟು ಸೆಂಟಿಮೀಟರ್ ಆಳದ ಹಸಿಗೆ ಬೀಳುವಂತೆ ಕೂರಿಗೆಯ ತಾಳನ್ನು ಹೊಂದಿಸಿಕೊಳ್ಳಿ. ಒಣ ಪದರದಲ್ಲಿ ಬಿದ್ದ ಕಾಳು ಮಳೆಗಾಗಿ ಕಾದು ಅಲ್ಲೇ ಕೆಡುತ್ತದೆ.